ಹೆಗ್ಗಣಕ್ಕೆಲ್ಲಿಯ ಚೀಲ?

ಹೋದ ವರ್ಷ ಆಸ್ಟ್ರೇಲಿಯದ ಮಕ್ಕಳ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲಿ ಬ್ಯಾಂಡಿಕೂಟ್ ಎಂಬ ಪ್ರಾಣಿ ಬರುತ್ತದೆ. ನಿಘಂಟು ತೆರೆದರೆ ‘ಹೆಗ್ಗಣ’ ಎಂದಿತ್ತು. ಹಾಗೆಯೇ ಬರೆದು, ರಜೆಗೆ ಮುನವಳ್ಳಿಗೆ ಹೋದಾಗ ಅಜ್ಜಿಗೆ ಓದಿ ಹೇಳಿದೆ. ತಾಯಿ ಹೆಗ್ಗಣ ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟುಕೊಂಡು ಓಡುವ ಭಾಗ ಬಂದಾಗ ಅಜ್ಜಿ ತಡೆದಳು: “ಹೆಗ್ಗಣಕ್ಕ ಚೀಲ ಎಲ್ಲಿ ಐತವಾ?”

ಅಜ್ಜಿ ಮಲಪ್ರಭೆಯ ದಂಡೆಯಲ್ಲಿ ಶೇಂಗಾ ಬೆಳೆದವಳು. ಹೆಗ್ಗಣದ ಬಿಲ ಅಗೆದು, ಅದು ಕದ್ದೊಯ್ದ ಕಾಯಿಗಳನ್ನು ಬುಟ್ಟಿಗೆ ತುಂಬಿಕೊಂಡು ಬಂದವಳು. ಅವಳಿಗೆ ಹೆಗ್ಗಣ ಗೊತ್ತಿತ್ತು. ನನಗೆ ನಿಘಂಟು ಮಾತ್ರ ಗೊತ್ತಿತ್ತು.

ಬ್ಯಾಂಡಿಕೂಟ್ ಮೂಲದಲ್ಲಿ ಇಂಗ್ಲಿಷ್ ಪದವಲ್ಲ. ತೆಲುಗಿನ ‘ಪಂದಿಕೊಕ್ಕು’ವಿನಿಂದ ಬಂದದ್ದು, ಅರ್ಥ ಹಂದಿ-ಇಲಿ. ಆ ಪಂದಿ ನಮ್ಮ ಹಳಗನ್ನಡದಲ್ಲೂ ಪಂದಿಯೇ; ಮುಂದೆ ಪಕಾರ ಹಕಾರವಾಗಿ ಹಂದಿಯಾಯಿತು. ಭಾರತದಲ್ಲಿದ್ದ ಇಂಗ್ಲಿಷರು ಇಲ್ಲಿಯ ಹೆಗ್ಗಣವನ್ನು ಈ ಹೆಸರಿನಿಂದಲೇ ಕರೆದರು. 1886ರ ‘ಹಾಬ್ಸನ್-ಜಾಬ್ಸನ್’ ಕೋಶವೂ ತೆಲುಗಿನ ಮೂಲವನ್ನೇ ಕೊಡುತ್ತದೆ.

1788ರಲ್ಲಿ ಸಿಡ್ನಿಯ ಬಳಿ ಬ್ರಿಟಿಷರ ವಸಾಹತು ಶುರುವಾಯಿತು. ಕೆಲವೇ ವರ್ಷಗಳಲ್ಲಿ ಕಲ್ಕತ್ತೆಯಿಂದ ಅಲ್ಲಿಗೆ ಸರಕಿನ ಹಡಗುಗಳು ಹೋಗತೊಡಗಿದವು. ಅಲ್ಲಿ ಮೂತಿ ಚೂಪಾದ, ನೆಲ ಕೆದಕುವ ಸಣ್ಣ ಪ್ರಾಣಿಗಳನ್ನು ಕಂಡವರು, ಹೋಲಿಕೆ ಕಂಡು ಭಾರತದ ಹೆಗ್ಗಣದ ಹೆಸರನ್ನೇ ಇಟ್ಟರು.

ಎರಡಕ್ಕೂ ನಂಟಿಲ್ಲ. ನಮ್ಮದು ಇಲಿಯ ಜಾತಿ. ಅಲ್ಲಿಯದು ಕಾಂಗರೂವಿನ ಹಾಗೆ ಮಾರ್ಸೂಪಿಯಲ್, ಹೊಟ್ಟೆಚೀಲದ ಸಸ್ತನಿ. ‘ಮಾರ್ಸೂಪಿಯಂ’ ಎಂದರೆ ಲ್ಯಾಟಿನ್‌ನಲ್ಲಿ ಚೀಲ. ಇವುಗಳ ಮರಿ ಪೂರ್ತಿ ಬೆಳೆಯುವ ಮೊದಲೇ ಹುಟ್ಟಿ, ತಾಯಿಯ ಮೊಲೆಗೆ ಕಚ್ಚಿಕೊಂಡೇ ಬೆಳೆಯುತ್ತದೆ. ಬ್ಯಾಂಡಿಕೂಟಿನ ಬಸಿರು ಸುಮಾರು 12 ದಿನ ಮಾತ್ರ. ಅದರ ಚೀಲದ ಬಾಯಿ ಹಿಂದಕ್ಕಿದೆ. ತಾಯಿ ನೆಲ ಅಗೆದರೂ ಮರಿಯ ಮೇಲೆ ಮಣ್ಣು ಬೀಳುವುದಿಲ್ಲ. ಹಾಗೆಂದು ‘ಚೀಲ’ ಎಂಬ ಮಾತನ್ನೂ ಪೂರ್ತಿ ನಂಬುವಂತಿಲ್ಲ: ನಂಬ್ಯಾಟ್ ಎಂಬ ಮಾರ್ಸೂಪಿಯಲ್‌ಗೆ ಚೀಲವೇ ಇಲ್ಲ.

ಇಷ್ಟು ಸಣ್ಣ ತಪ್ಪಿನಿಂದ ಏನಾಯಿತು ಎನ್ನಬಹುದು. ನಾವು ಹೆಗ್ಗಣಕ್ಕೆ ವಿಷ ಇಡುತ್ತೇವೆ. ಆಸ್ಟ್ರೇಲಿಯದಲ್ಲಿ ಹಂದಿಗಾಲಿನ ಬ್ಯಾಂಡಿಕೂಟ್ ಎಂಬ ಜಾತಿ ಅಳಿದೇ ಹೋಗಿದೆ. ವಿಕ್ಟೋರಿಯ ರಾಜ್ಯದ ಹುಲ್ಲುಗಾವಲುಗಳಲ್ಲಿ ಇಲ್ಲವಾಗಿದ್ದ ಪಟ್ಟೆ ಬ್ಯಾಂಡಿಕೂಟನ್ನು ಜನ ದಶಕಗಳ ಕಾಲ ಸಾಕಿ ಉಳಿಸಿಕೊಂಡಿದ್ದಾರೆ. ನನ್ನ ಅನುವಾದ ಓದುವ ಮಗುವಿಗೆ ಆ ಆತಂಕ ಹೇಗೆ ತಿಳಿದೀತು?

ಹಸ್ತಪ್ರತಿಯಲ್ಲಿ ‘ಹೆಗ್ಗಣ’ ಹೊಡೆದುಹಾಕಿ, ‘ಬ್ಯಾಂಡಿಕೂಟ್ ಎಂಬ ಹೊಟ್ಟೆಚೀಲದ ಪ್ರಾಣಿ’ ಎಂದು ಬರೆದೆ. ಪದ ಹಡಗು ಹತ್ತಿ ಹೋದ ಕಥೆಯನ್ನೂ ಅಜ್ಜಿಗೆ ಹೇಳಿದೆ. ಕೇಳಿ ಅವಳೆಂದಳು: “ಮತ್ತ ಅಲ್ಲಿ ಮಂದಿ ಅದಕ್ಕ ಏನಂತ ಕರೀತಿದ್ರು?”

ನಾನು ಮೊದಲೇ ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದು. ‘ಕಾಂಗರೂ’ ಅಲ್ಲಿಯ ಗೂಗು ಇಮಿದಿರ್ ಭಾಷೆಯದು. 1770ರಲ್ಲಿ ಕುಕ್‌ನ ಹಡಗಿನವರು ಕೇಳಿ ಬರೆದುಕೊಂಡರು, ಉಳಿಯಿತು. ಬ್ಯಾಂಡಿಕೂಟಿನ ಒಂದು ಜಾತಿಗೆ ನೈರುತ್ಯದ ನೂಂಗರ್ ಜನ ‘ಕ್ವೆಂಡಾ’ ಎನ್ನುತ್ತಾರೆ. ಅಂಥ ಹೆಸರುಗಳ ಮೇಲೆ ನಮ್ಮ ಹೊಲದ ಹೆಸರು ಹೋಗಿ ಕುಳಿತಿದೆ. ಕಥೆಯ ಕೊನೆಗೆ ಒಂದು ಟಿಪ್ಪಣಿ ಸೇರಿಸಿ, ‘ಕ್ವೆಂಡಾ’ ಎಂದು ಬರೆದೆ.