ಹಣವಿಲ್ಲದ ಫೋಟೋಶೂಟ್‌ಗೆ ಛಾಯಾಗ್ರಾಹಕರನ್ನು ಕೇಳುವುದು ಹೇಗೆ? ಹೊಸ ಮಾಡೆಲ್‌ಗಳು ತಿಳಿದಿರಬೇಕಾದ ಸಂಗತಿಗಳು

ಮಾಡೆಲಿಂಗ್ ಕ್ಷೇತ್ರಕ್ಕೆ ಕಾಲಿಡುವವರಿಗೆ ಮೊದಲು ಎದುರಾಗುವುದು ಪೋರ್ಟ್‌ಫೋಲಿಯೊ ಪ್ರಶ್ನೆ. ಒಳ್ಳೆಯ ಫೋಟೋಗಳಿಲ್ಲದೆ ಕೆಲಸ ಸಿಗುವುದಿಲ್ಲ, ಕೆಲಸವಿಲ್ಲದೆ ಫೋಟೋ ತೆಗೆಸಲು ಹಣವಿರುವುದಿಲ್ಲ. ಮುಂಬೈ, ದೆಹಲಿ, ಹೈದರಾಬಾದ್‌ನಂಥ ನಗರಗಳಲ್ಲಿ ಇದಕ್ಕೆ ಹೊಸಬರು ಕಂಡುಕೊಂಡಿರುವ ದಾರಿ ಎಂದರೆ ಟಿಎಫ್‌ಪಿ ಅಥವಾ ಕೊಲಾಬ್ ಶೂಟ್. ಆದರೆ ಹಣದ ಮಾತಿಲ್ಲ ಎಂದ ಮಾತ್ರಕ್ಕೆ ಕರಾರಿನ ಮಾತೂ ಬೇಡ ಎಂದಲ್ಲ. ಇಂಥ ಶೂಟ್‌ಗಳಲ್ಲೇ ಎಲ್ಲವನ್ನೂ ಮೊದಲೇ ಮಾತಾಡಿಕೊಳ್ಳುವುದು ಹೆಚ್ಚು ಅಗತ್ಯ.

ಏನಿದು ಟಿಎಫ್‌ಪಿ?

'ಟೈಮ್ ಫಾರ್ ಪ್ರಿಂಟ್' ಎಂಬುದರ ಚಿಕ್ಕ ರೂಪವೇ ಟಿಎಫ್‌ಪಿ. ರೀಲ್ ಕ್ಯಾಮೆರಾ ಕಾಲದಲ್ಲಿ ಮಾಡೆಲ್ ತನ್ನ ಸಮಯ ಕೊಟ್ಟರೆ ಛಾಯಾಗ್ರಾಹಕರು ಅದಕ್ಕೆ ಬದಲಾಗಿ ಮುದ್ರಿಸಿದ ಫೋಟೋ ಕೊಡುತ್ತಿದ್ದರು. ಈಗ ಪ್ರಿಂಟ್ ಜಾಗಕ್ಕೆ ಡಿಜಿಟಲ್ ಫೈಲ್ ಬಂದಿದೆ. ಮಾಡೆಲ್‌ಗೆ ಪೋರ್ಟ್‌ಫೋಲಿಯೊ, ಛಾಯಾಗ್ರಾಹಕರಿಗೆ ಹೊಸ ಪ್ರಯೋಗ, ಮೇಕಪ್ ಕಲಾವಿದರಿಗೆ ತಮ್ಮ ಕೆಲಸದ ಮಾದರಿ ಸಿಗುತ್ತದೆ. ಇದು ಯಾರೊಬ್ಬರೂ ಮಾಡುವ ಉಪಕಾರವಲ್ಲ, ಕೊಡುಕೊಳ್ಳುವ ವ್ಯವಹಾರ. ಹಾಗಾಗಿ 'ನನಗೆ ಫ್ರೀ ಫೋಟೋ ತೆಗೆದುಕೊಡಿ' ಎಂಬ ಕೋರಿಕೆಗೆ ಉತ್ತರ ಬರುವುದು ಅಪರೂಪ.

ಯಾರನ್ನು, ಯಾವಾಗ ಕೇಳಬೇಕು?

ಹೆಸರು ಮಾಡಿದ ಫ್ಯಾಷನ್ ಛಾಯಾಗ್ರಾಹಕರಿಗಿಂತ, ತಮ್ಮ ಪೋರ್ಟ್‌ಫೋಲಿಯೊ ಕಟ್ಟಿಕೊಳ್ಳುತ್ತಿರುವವರು ಇಂಥ ಶೂಟ್‌ಗೆ ಒಪ್ಪುವ ಸಾಧ್ಯತೆ ಹೆಚ್ಚು. ಸಹಾಯಕ ಛಾಯಾಗ್ರಾಹಕರು, ಛಾಯಾಗ್ರಹಣ ವಿದ್ಯಾರ್ಥಿಗಳು, ಮೇಕಪ್ ಕಲಿಯುತ್ತಿರುವವರು ಈ ಗುಂಪಿಗೆ ಸೇರುತ್ತಾರೆ. ಮುಂಬೈ, ದೆಹಲಿ, ಚೆನ್ನೈ, ಹೈದರಾಬಾದ್, ಬೆಂಗಳೂರುಗಳಲ್ಲಿರುವ ನಿಫ್ಟ್‌ನಂಥ ಫ್ಯಾಷನ್ ಸಂಸ್ಥೆಗಳ ವಿದ್ಯಾರ್ಥಿಗಳಿಗೂ ತಾವು ವಿನ್ಯಾಸಗೊಳಿಸಿದ ಉಡುಪುಗಳ ಫೋಟೋಗೆ ಮಾಡೆಲ್‌ಗಳು ಬೇಕಾಗುತ್ತಾರೆ.

ಮದುವೆ ಫೋಟೋಗ್ರಫಿಯಿಂದ ಸಂಪಾದಿಸುತ್ತಾ, ಬಿಡುವಿನಲ್ಲಿ ಫ್ಯಾಷನ್ ಫೋಟೋ ತೆಗೆಯಲು ಬಯಸುವವರೂ ಇದ್ದಾರೆ. ಮುಹೂರ್ತಗಳು ಸಾಲುಸಾಲಾಗಿರುವ ತಿಂಗಳಲ್ಲಿ ಅವರಿಗೆ ಸಂದೇಶ ನೋಡಲೂ ಪುರುಸೊತ್ತು ಇರುವುದಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆಗಳು ಕಡಿಮೆ. ಆಗ ಕೇಳಿದರೆ ಒಪ್ಪಿಗೆ ಸಿಗುವ ಅವಕಾಶ ಹೆಚ್ಚು.

ಸಂದೇಶದಲ್ಲಿ ಏನಿರಬೇಕು?

ಮೊದಲ ಸಂದೇಶ ಚಿಕ್ಕದಾಗಿರಬೇಕು. ತಾನು ಯಾರು, ಅವರ ಯಾವ ಕೆಲಸ ಇಷ್ಟವಾಯಿತು, ಯಾವ ಬಗೆಯ ಶೂಟ್ ಮನಸ್ಸಿನಲ್ಲಿದೆ, ತನ್ನಿಂದ ಏನು ಕೊಡಬಹುದು ಎಂಬ ನಾಲ್ಕು ಅಂಶಗಳಿದ್ದರೆ ಸಾಕು. ಜೊತೆಗೆ ಮೇಕಪ್ ಮತ್ತು ಫಿಲ್ಟರ್ ಇಲ್ಲದೆ, ಮೊಬೈಲ್‌ನಲ್ಲೇ ತೆಗೆದ ಮೂರು ಫೋಟೋ ಇರಲಿ: ಎದುರಿನಿಂದ, ಪಕ್ಕದಿಂದ ಮತ್ತು ಪೂರ್ಣಾಕೃತಿ. ಒಂದು ಮಾದರಿ ಹೀಗಿದೆ:

'ನಮಸ್ಕಾರ ಸರ್. ನಾನು ಪುಣೆಯಲ್ಲಿರುವ ಹೊಸ ಮಾಡೆಲ್, ಎತ್ತರ 5 ಅಡಿ 6 ಇಂಚು. ಕಳೆದ ತಿಂಗಳು ನೀವು ಹಾಕಿದ ಹತ್ತಿ ಸೀರೆಗಳ ಫೋಟೋಗಳನ್ನು ನೋಡಿದೆ. ಕಿಟಕಿ ಬೆಳಕಿನಲ್ಲಿ ತೆಗೆದ ರೀತಿ ತುಂಬ ಹಿಡಿಸಿತು. ನನ್ನ ಬಳಿ 4 ಇಳಕಲ್ ಸೀರೆಗಳಿವೆ. ಅವನ್ನು ಉಟ್ಟು ಅರ್ಧ ದಿನದ ಕೊಲಾಬ್ ಶೂಟ್ ಮಾಡಲು ನಿಮಗೆ ಆಸಕ್ತಿ ಇದೆಯೇ? ಮೇಕಪ್ ನಾನೇ ನೋಡಿಕೊಳ್ಳುತ್ತೇನೆ. ಫೋಟೋಗಳನ್ನು ಇಬ್ಬರೂ ಪೋರ್ಟ್‌ಫೋಲಿಯೊಗೆ ಬಳಸಬಹುದು. ಮುಂದಿನ ತಿಂಗಳ ಯಾವುದಾದರೂ ಭಾನುವಾರ ಬಿಡುವಿದ್ದರೆ ತಿಳಿಸಿ.'

ಉತ್ತರ ಬಾರದಿದ್ದರೆ ಒಂದು ವಾರದ ನಂತರ ಇನ್ನೊಮ್ಮೆ ಕೇಳಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿಗೆ ಬಿಡುವುದು ಒಳಿತು. 'ಈಗ ಆಗುವುದಿಲ್ಲ' ಎಂದವರಿಗೆ ಧನ್ಯವಾದ ಹೇಳಿದರೆ ಮುಂದೆ ಅವರೇ ನೆನಪಿಸಿಕೊಂಡು ಕರೆಯಬಹುದು.

ಫೋಟೋದ ಹಕ್ಕು ಯಾರದು?

ಫೋಟೋದಲ್ಲಿರುವುದು ತನ್ನ ಮುಖ, ಆದ್ದರಿಂದ ಫೋಟೋ ತನ್ನದೇ ಎಂದು ಅನೇಕರು ಭಾವಿಸುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಯಾರಾದರೂ ಪ್ರತಿಫಲ ಕೊಟ್ಟು ಫೋಟೋ ತೆಗೆಸಿಕೊಂಡಿದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಾಯ್ದೆಯ 17ನೇ ಸೆಕ್ಷನ್ ಹಕ್ಕನ್ನು ತೆಗೆಸಿಕೊಂಡವರಿಗೆ ಕೊಡುತ್ತದೆ. ಹಣ ಕೊಡದ ಶೂಟ್‌ನಲ್ಲಿ ಸಾಮಾನ್ಯವಾಗಿ ಹಕ್ಕು ಛಾಯಾಗ್ರಾಹಕರ ಬಳಿಯೇ ಉಳಿಯುತ್ತದೆ. 2012ರ ತಿದ್ದುಪಡಿಯ ನಂತರ ಈ ಹಕ್ಕು ಅವರ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳವರೆಗೆ ಇರುತ್ತದೆ. ಎಂದರೆ ಇಂದಿನ ಒಂದು ಮಧ್ಯಾಹ್ನದ ಶೂಟ್, ಮಾಡೆಲ್‌ನ ಇಡೀ ವೃತ್ತಿಜೀವನಕ್ಕಿಂತ ಹೆಚ್ಚು ಕಾಲ ಬಾಳುವ ವ್ಯವಹಾರ.

ಹಾಗೆಂದು ಮಾಡೆಲ್‌ಗೆ ಯಾವ ಹಕ್ಕೂ ಇಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಹೇಳಿತು. ಮಹಿಳೆಯೊಬ್ಬರು ತಮ್ಮ ಖಾಸಗಿ ಸ್ಥಿತಿಯ ಚಿತ್ರ ತೆಗೆಯಲು ಒಪ್ಪಿದ್ದರೂ ಅದನ್ನು ಹಂಚಲು ಒಪ್ಪಿರದಿದ್ದರೆ, ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಬಟ್ಟೆ ಬದಲಿಸುವ ಜಾಗದಲ್ಲಿ ಕದ್ದು ಚಿತ್ರ ತೆಗೆಯುವುದೂ ಇದೇ ಸೆಕ್ಷನ್‌ನಡಿ ಬರುತ್ತದೆ.

ಶೂಟ್‌ಗೆ ಮೊದಲು ಬರೆದುಕೊಳ್ಳಬೇಕಾದ್ದು

ಛಾಪಾ ಕಾಗದವೇ ಬೇಕೆಂದಿಲ್ಲ. ಸಹಿ ಮಾಡಿದ ಒಂದು ಪುಟ ಉತ್ತಮ, ಅದಾಗದಿದ್ದರೆ ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಇಬ್ಬರೂ 'ಒಪ್ಪಿದೆ' ಎಂದು ಬರೆದ ದಾಖಲೆಯಾದರೂ ಇರಲಿ. ಅದರಲ್ಲಿ ಈ ಅಂಶಗಳು ಸೇರಿರಬೇಕು:

- ಎಡಿಟ್ ಮಾಡಿದ ಎಷ್ಟು ಫೋಟೋ, ಎಷ್ಟು ದಿನದೊಳಗೆ ಸಿಗುತ್ತದೆ. ಎಡಿಟ್ ಆಗದ ರಾ ಫೈಲ್‌ಗಳನ್ನು ಹೆಚ್ಚಿನವರು ಕೊಡುವುದಿಲ್ಲ.
- ಫೋಟೋಗಳನ್ನು ಯಾರು ಎಲ್ಲೆಲ್ಲಿ ಬಳಸಬಹುದು. ಪೋರ್ಟ್‌ಫೋಲಿಯೊ ಮತ್ತು ಇನ್‌ಸ್ಟಾಗ್ರಾಂಗೆ ಮಾತ್ರವೇ, ಇಲ್ಲ ಜಾಹೀರಾತು ಮತ್ತು ಮಾರಾಟಕ್ಕೂ ಬಳಸಬಹುದೇ ಎಂಬುದು ಸ್ಪಷ್ಟವಿರಬೇಕು. ಕಂಪನಿಗೆ ಮಾರುವುದಾದರೆ ಮಾಡೆಲ್‌ನ ಲಿಖಿತ ಒಪ್ಪಿಗೆ ಮತ್ತು ಸಂಭಾವನೆ ಬೇಕು ಎಂಬ ಸಾಲು ಇರಲಿ.
- ಯಾವ ಉಡುಪು, ಯಾವ ಬಗೆಯ ಭಂಗಿ, ಯಾವುದು ಬೇಡ.
- ಮೇಕಪ್, ಓಡಾಟ, ಸ್ಟುಡಿಯೊ ಬಾಡಿಗೆಯ ಖರ್ಚು ಯಾರದು. ಸ್ಮಾರಕ, ರೈಲು ನಿಲ್ದಾಣದಂಥ ಜಾಗಗಳಾದರೆ ಅನುಮತಿ ಪಡೆಯುವವರು ಯಾರು.
- ಫೋಟೋ ಹಾಕುವಾಗ ಯಾರ ಯಾರ ಹೆಸರು ಹಾಕಬೇಕು. ಕೊಟ್ಟ ಫೋಟೋಗೆ ಮತ್ತೆ ಫಿಲ್ಟರ್ ಹಾಕಬಹುದೇ.

18 ವರ್ಷ ತುಂಬದವರು ಮಾಡಿಕೊಳ್ಳುವ ಒಪ್ಪಂದಕ್ಕೆ ಕಾನೂನಿನ ಬಲ ಇರುವುದಿಲ್ಲ. ಅಂಥವರ ಪರವಾಗಿ ಪೋಷಕರೇ ಮಾತುಕತೆ ನಡೆಸಬೇಕು, ಶೂಟ್ ಮುಗಿಯುವವರೆಗೂ ಜೊತೆಗಿರಬೇಕು.

ಸುರಕ್ಷತೆಗೆ ಮೊದಲ ಜಾಗ

ಹೊಸ ಊರಿನಲ್ಲಿ ಪಿಜಿಯಲ್ಲಿದ್ದುಕೊಂಡು ಅವಕಾಶ ಹುಡುಕುವವರು ಇನ್ನಷ್ಟು ಎಚ್ಚರ ವಹಿಸಬೇಕು. ಆ ಛಾಯಾಗ್ರಾಹಕರ ಜೊತೆ ಕೆಲಸ ಮಾಡಿದ ಇಬ್ಬರು ಮೂವರು ಮಾಡೆಲ್‌ಗಳನ್ನು ಸಂಪರ್ಕಿಸಿ ವಿಚಾರಿಸುವುದು ಮೊದಲ ಹೆಜ್ಜೆ. ಮೊದಲ ಭೇಟಿ ವಿಡಿಯೊ ಕರೆಯಲ್ಲಿ ಅಥವಾ ಜನರಿರುವ ಹೋಟೆಲ್‌ನಲ್ಲಿ ಆಗಲಿ. ಶೂಟ್ ನಡೆಯುವ ವಿಳಾಸ, ಸಮಯವನ್ನು ಮನೆಯವರಿಗೆ ಅಥವಾ ಗೆಳತಿಗೆ ತಿಳಿಸಿರಬೇಕು. ಸಾಧ್ಯವಾದರೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. 'ಜೊತೆಗೆ ಯಾರೂ ಬರಬಾರದು' ಎನ್ನುವವರ ಶೂಟ್ ಬಿಡುವುದೇ ಲೇಸು. ಅಲ್ಲಿಗೆ ಹೋದ ಮೇಲೆ ಉಡುಪು, ಭಂಗಿಗಳ ಮಾತು ಬದಲಾದರೆ ಶೂಟ್ ನಿಲ್ಲಿಸಿ ಹೊರಬರುವ ಹಕ್ಕು ಮಾಡೆಲ್‌ಗೆ ಇದ್ದೇ ಇದೆ.

ಅಪಾಯ ಎನಿಸಿದರೆ ತುರ್ತು ಸಂಖ್ಯೆ 112ಕ್ಕೆ, ಮಹಿಳೆಯರು ಸಹಾಯವಾಣಿ 181ಕ್ಕೂ ಕರೆ ಮಾಡಬಹುದು. ಫೋಟೋ ದುರ್ಬಳಕೆಯಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಆಗ ಮೊದಲೇ ಬರೆದುಕೊಂಡ ಒಪ್ಪಂದ ಮತ್ತು ಅಳಿಸದೆ ಉಳಿಸಿಕೊಂಡ ಚಾಟ್‌ಗಳು ನೆರವಿಗೆ ಬರುತ್ತವೆ.

ಯಾವಾಗ ಬೇಡ ಎನ್ನಬೇಕು?

ಅಂಗಡಿಯ ಸೀರೆ, ಒಡವೆ, ಕ್ರೀಮ್ ಮಾರಲು ಬಳಸುವ ಫೋಟೋ ಎಂದಾದರೆ ಅದು ಕೊಲಾಬ್ ಅಲ್ಲ, ಕೆಲಸ. ಅಲ್ಲಿ ಸಂಭಾವನೆ ಕೇಳಲು ಸಂಕೋಚ ಬೇಡ. 'ಫ್ರೀ ಶೂಟ್' ಎಂದು ಕರೆದು ನೋಂದಣಿ ಶುಲ್ಕ, ಪೋರ್ಟ್‌ಫೋಲಿಯೊ ಪ್ಯಾಕೇಜ್ ಎಂದು ಹಣ ಕೇಳುವವರಿಂದಲೂ ದೂರವಿರಬೇಕು. ಪೋರ್ಟ್‌ಫೋಲಿಯೊದಲ್ಲಿ ಎಂಟು ಹತ್ತು ಒಳ್ಳೆಯ ಫೋಟೋಗಳು ಸೇರಿದ ಮೇಲೆ ಪ್ರತಿ ಹೊಸ ಕೊಲಾಬ್‌ಗೂ ಒಪ್ಪುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಈಗಾಗಲೇ ಇರುವುದಕ್ಕಿಂತ ಹೊಸದೇನಾದರೂ ಇದರಿಂದ ಸಿಗುತ್ತದೆಯೇ? ಇಲ್ಲ ಎಂದಾದರೆ ಇನ್ನು ಸಂಭಾವನೆಯ ಕೆಲಸ ಕೇಳುವ ಸಮಯ ಬಂದಿದೆ ಎಂದೇ ಅರ್ಥ.