ಅಕ್ಕಿಯಲ್ಲಿ ಬರೆದ ಹೆಸರು

ಝಾನ್ಸಿ ರಾಣಿಯ ಪಾಠವನ್ನು ನನ್ನ ವೃತ್ತಿಜೀವನದಲ್ಲಿ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಕಾಶಿಯಲ್ಲಿ ಜನಿಸಿದ ಮಣಿಕರ್ಣಿಕಾ ಎಂಬ ಬಾಲಿಕೆ, ಮನೆಯವರ ಬಾಯಲ್ಲಿ ಮನು, 1842ರಲ್ಲಿ ಝಾನ್ಸಿಯ ಗಂಗಾಧರರಾಯರನ್ನು ವಿವಾಹವಾಗಿ ಲಕ್ಷ್ಮೀಬಾಯಿ ಎನಿಸಿದಳು. ಪಠ್ಯಪುಸ್ತಕದಲ್ಲಿ ಈ ಸಂಗತಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಮಕ್ಕಳಿಗೂ ಬೇಕಾದದ್ದು ಮುಂದಿನ ಕುದುರೆ, ಖಡ್ಗ ಮತ್ತು 1857ರ ಸಮರ. ಆದರೆ ಒಂದು ವರ್ಷ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಮೊದಲಿನ ಹೆಸರು ಆಕೆಗೆ ಇಷ್ಟವಿರಲಿಲ್ಲವೇ?" ಎಂದು ಕೇಳಿದಳು. ಅದು ಇಷ್ಟಾನಿಷ್ಟದ ಮಾತಲ್ಲ, ಪದ್ಧತಿ ಎಂದು ಉತ್ತರಿಸಿದೆ. ಉತ್ತರ ಸರಿಯೇ ಇತ್ತು. ಪ್ರಶ್ನೆ ಮಾತ್ರ ಅದಕ್ಕಿಂತ ದೊಡ್ಡದಾಗಿತ್ತು. ನಿವೃತ್ತಿಯ ಬಿಡುವಿನಲ್ಲಿ ಅದರ ಬೆನ್ನು ಹತ್ತಿ ಓದಿದ್ದರಲ್ಲಿ ಒಂದಿಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಮೈಸೂರು ಸೀಮೆಯ ನನ್ನ ವಿದ್ಯಾರ್ಥಿಗಳಿಗೆ ಈ ಪದ್ಧತಿಯ ಪರಿಚಯ ಅಷ್ಟಾಗಿ ಇರಲಾರದು. ಮಹಾರಾಷ್ಟ್ರದಲ್ಲಿ, ಅದಕ್ಕೆ ಹೊಂದಿಕೊಂಡ ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಭಾಗದ ಅನೇಕ ಬ್ರಾಹ್ಮಣ ಮನೆತನಗಳಲ್ಲಿ, ಕರಾವಳಿಯ ಕೊಂಕಣಿಗರಲ್ಲಿ ಮದುವೆಯ ದಿನ ವಧುವಿನ ಅಡ್ಡಹೆಸರಷ್ಟೇ ಅಲ್ಲ, ಹುಟ್ಟುಹೆಸರೂ ಬದಲಾಗುತ್ತಿತ್ತು. ತಟ್ಟೆಯಲ್ಲಿ ಅಕ್ಕಿ ಹರವಿ, ವರನು ತನ್ನ ಉಂಗುರದಿಂದ ಅದರಲ್ಲಿ ಹೊಸ ಹೆಸರನ್ನು ಬರೆಯುತ್ತಾನೆ. ಹೆಸರನ್ನು ಆರಿಸುವವರು ಗಂಡಿನ ಕಡೆಯವರು. ಬಹಳ ಸಲ ವರನ ಹೆಸರಿಗೆ ಜೋಡಿಯಾಗುವಂತೆ ಆರಿಸುತ್ತಾರೆ: ವರ ನಾರಾಯಣನಾದರೆ ವಧು ಲಕ್ಷ್ಮಿ, ಶಂಕರನಾದರೆ ಪಾರ್ವತಿ, ರಾಮನಾದರೆ ಸೀತೆ. ಝಾನ್ಸಿಯ ನೇವಾಳ್ಕರರೂ ಮರಾಠಿ ಬ್ರಾಹ್ಮಣ ಮನೆತನದವರೇ. ಇದಕ್ಕೆ ಪ್ರತಿಯಾಗಿ ಕಾಕತಿಯ ದೇಸಾಯರ ಮಗಳು ಚೆನ್ನಮ್ಮ ಕಿತ್ತೂರಿಗೆ ಚೆನ್ನಮ್ಮಳಾಗಿಯೇ ಬಂದಳು, 1824ರಲ್ಲಿ ಚೆನ್ನಮ್ಮಳಾಗಿಯೇ ಕಂಪನಿ ಸರಕಾರವನ್ನು ಎದುರಿಸಿದಳು.

ಷೋಡಶ ಸಂಸ್ಕಾರಗಳಲ್ಲಿ ನಾಮಕರಣವೆಂಬುದು ಒಂದೇ ಸಲ, ಅದೂ ಹಸುಗೂಸಿಗೆ. ಆದರೂ ಹೆಣ್ಣಿನ ಹೆಸರಿನ ಮೇಲೆ ನಮ್ಮ ಹಿರಿಯರಿಗೆ ಮೊದಲಿನಿಂದಲೂ ಒಂದು ಕಣ್ಣಿತ್ತು. ಮನುಸ್ಮೃತಿಯ ಎರಡನೆಯ ಅಧ್ಯಾಯ, ಸ್ತ್ರೀಯ ಹೆಸರು ಉಚ್ಚರಿಸಲು ಸುಲಭವಾಗಿ, ಮಂಗಳಕರವಾಗಿ, ದೀರ್ಘಸ್ವರದಲ್ಲಿ ಮುಗಿಯಬೇಕೆಂದು ವಿಧಿಸುತ್ತದೆ. ಅದೇ ಪ್ರಕರಣ ಶೂದ್ರನ ಹೆಸರು ಜುಗುಪ್ಸೆ ಹುಟ್ಟಿಸುವಂತಿರಬೇಕೆನ್ನುತ್ತದೆ. ಅದರ ವಿಷಯ ಇನ್ನೊಮ್ಮೆ ಬರೆಯಬೇಕು, ಇಲ್ಲಿ ನಾಲ್ಕು ಸಾಲಿನಲ್ಲಿ ಮುಗಿಸುವಂಥದ್ದಲ್ಲ. ಮೂರನೆಯ ಅಧ್ಯಾಯದಲ್ಲಿ ಇನ್ನೂ ಸ್ವಾರಸ್ಯದ ಮಾತಿದೆ. ನಕ್ಷತ್ರ, ಮರ, ನದಿ, ಪರ್ವತ, ಪಕ್ಷಿ, ಸರ್ಪ ಇವುಗಳ ಹೆಸರುಳ್ಳ ಕನ್ಯೆಯನ್ನು ವರಿಸಬಾರದಂತೆ. ನಮ್ಮ ರೋಹಿಣಿ, ರೇವತಿ, ತುಳಸಿ, ಗಂಗಾ, ಕಾವೇರಿಯರೆಲ್ಲ ಈ ವಿಧಿಯ ಪ್ರಕಾರ ಅವಿವಾಹಿತರಾಗಿಯೇ ಉಳಿಯಬೇಕಿತ್ತು! ಜನ ಪುಣ್ಯಕ್ಕೆ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮನೆಮನೆಯಲ್ಲೂ ನದಿಗಳಿದ್ದವು.

ಅಂಥ ಮೂವರು ನದಿಯ ಹೆಸರಿನವರನ್ನು ನೋಡೋಣ. 1862ರಲ್ಲಿ ಕುರ್ಲೇಕರ ಮನೆತನದಲ್ಲಿ ಹುಟ್ಟಿದ ಯಮುನಾ, ಹನ್ನೊಂದರ ವಯಸ್ಸಿನಲ್ಲಿ, 1873ರಲ್ಲಿ, ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪತ್ನಿಯಾಗಿ ರಮಾಬಾಯಿಯಾದಳು. 1865ರಲ್ಲಿ ಹುಟ್ಟಿದ ಇನ್ನೊಬ್ಬ ಯಮುನಾ, ಒಂಬತ್ತರ ವಯಸ್ಸಿನಲ್ಲಿ ಗೋಪಾಳರಾವ ಜೋಶಿಯವರನ್ನು ಮದುವೆಯಾಗಿ ಆನಂದೀಬಾಯಿಯಾದಳು. ಬಾಲವಿಧವೆಯಾಗಿ ಓದಲು ಬಂದ ಗೋದೂಬಾಯಿ, 1893ರಲ್ಲಿ ಧೋಂಡೋ ಕೇಶವ ಕರ್ವೆಯವರೊಡನೆ ಪುನರ್ವಿವಾಹವಾದಾಗ ಆಕೆಗೂ ಆನಂದೀಬಾಯಿ ಎಂಬ ಹೆಸರೇ ಬಂತು. ಇದಕ್ಕೆ ಮನುವಿನ ಸೂತ್ರವೇ ಕಾರಣವೆಂದು ನಾನು ಹೇಳಲಾರೆ. ಪದ್ಧತಿಗೆ ಸಿಕ್ಕಿದ್ದರೆ ಬೇರಾವ ಹೆಸರೂ ಉಳಿಯುತ್ತಿರಲಿಲ್ಲ. ನನ್ನ ಗಮನ ಸೆಳೆದದ್ದು ಬೇರೆ ಸಂಗತಿ. ಈ ಮೂವರೂ ಗಂಡಂದಿರು ಹೆಸರಾಂತ ಸುಧಾರಣಾಪ್ರಿಯರು. ಒಬ್ಬರು ಪತ್ನಿಗೆ ತಾವೇ ಅಕ್ಷರ ಕಲಿಸಿದರು, ಒಬ್ಬರು ಪತ್ನಿಯನ್ನು ವೈದ್ಯಶಿಕ್ಷಣಕ್ಕೆಂದು ಅಮೆರಿಕೆಗೆ ಕಳಿಸಿದರು, ಒಬ್ಬರು ಸಮಾಜದ ಬಹಿಷ್ಕಾರ ಎದುರಿಸಿ ವಿಧವೆಯನ್ನು ವರಿಸಿದರು. ಸತಿಯ ಓದು, ಉಡುಪು, ಪ್ರಯಾಣ ಎಲ್ಲದರ ಬಗೆಗೂ ಯೋಚಿಸಿದ ಮನೆಗಳಲ್ಲಿ ಆಕೆಯ ಹೆಸರು ಮಾತ್ರ ಎಂದಿನಂತೆಯೇ ಅಳಿಯಿತು. ಸುಧಾರಣೆ ಮಾಡಬೇಕಾದ ವಿಷಯಗಳ ಪಟ್ಟಿಯಲ್ಲಿ ಹೆಸರು ಇರಲೇ ಇಲ್ಲವೆಂದು ಕಾಣುತ್ತದೆ.

1886ರ ಮಾರ್ಚ್ ತಿಂಗಳಲ್ಲಿ ಅಮೆರಿಕೆಯ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆನಂದೀಬಾಯಿ ಜೋಶಿಯವರಿಗೆ ಎಂ.ಡಿ. ಪದವಿ ಪ್ರದಾನವಾಯಿತು. ಆ ಸಮಾರಂಭವನ್ನು ನೋಡಲೆಂದು ಇಂಗ್ಲೆಂಡಿನಿಂದ ಹಡಗೇರಿ ಬಂದಿದ್ದವರು ಬಂಧುವೇ ಆಗಿದ್ದ ಪಂಡಿತಾ ರಮಾಬಾಯಿ. ಈಕೆ ನಮ್ಮ ನೆಲದಲ್ಲಿ ಹುಟ್ಟಿದವರು: 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ವಿರೋಧ ಕಟ್ಟಿಕೊಂಡವರು. ರಮಾಬಾಯಿ 1880ರಲ್ಲಿ ಬಂಗಾಲಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ನೋಂದಣಿ ವಿವಾಹವಾದರು. ಅಲ್ಲಿ ಅಕ್ಕಿಯ ತಟ್ಟೆ ಇರಲಿಲ್ಲ. ಹೆಸರು ಹಾಗೆಯೇ ಉಳಿಯಿತು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದಾಗ ಮೇರಿ ರಮಾ ಎಂಬ ಹೆಸರಾಯಿತು. ಆದರೂ ಜಗತ್ತು ಆಕೆಯನ್ನು ಕರೆದದ್ದು ತಂದೆತಾಯಿ ಇಟ್ಟ ಹೆಸರಿನಿಂದಲೇ. ಮತಾಂತರವಾದವರ ಹೆಸರು ಉಳಿಯಿತು, ಸ್ವಧರ್ಮದಲ್ಲೇ ಇದ್ದವರ ಹೆಸರು ಹೋಯಿತು. ಇತಿಹಾಸಕ್ಕೆ ಇಂಥ ವಿನೋದಗಳು ಇಷ್ಟ. ಆನಂದೀಬಾಯಿ 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ತೀರಿಕೊಂಡರು. ಅವರ ಚಿತಾಭಸ್ಮ ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಊರಿನ ಸ್ಮಶಾನದಲ್ಲಿದೆ. ಅಲ್ಲಿಯ ಕಲ್ಲಿನ ಮೇಲಿರುವುದೂ ಆನಂದೀಬಾಯಿ, ಯಮುನಾ ಅಲ್ಲ.

ಬಂಗಾಲದಲ್ಲಿಯೂ ಇಂಥದ್ದು ನಡೆಯುತ್ತಿತ್ತು. ರವೀಂದ್ರನಾಥ ಠಾಕೂರರ ಪತ್ನಿ ಮೃಣಾಲಿನೀದೇವಿ, 1883ರ ಮದುವೆಯವರೆಗೆ ಭವತಾರಿಣಿ.

ಈ ಹೆಂಗಸರಿಗೆ ಹೇಗೆನಿಸಿತ್ತು? ಪುಸ್ತಕ ಬಿಟ್ಟು ಮನೆಗೆ ಬರುತ್ತೇನೆ. ನನ್ನ ಸೋದರತ್ತೆಗೆ ತವರಿನಲ್ಲಿ ನದಿಯ ಹೆಸರು, ಕೊಟ್ಟ ಮನೆಯಲ್ಲಿ ದೇವಿಯ ಹೆಸರು. (ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಬಂಧುಗಳಿಗೆ ಗೊತ್ತಿದೆ.) 1943ರಲ್ಲಿ ಮದುವೆಯಾದಾಗ ತವರಿನಿಂದ ಕೊಟ್ಟ ಹಿತ್ತಾಳೆಯ ಕೊಡದ ಕಂಠದ ಮೇಲೆ ಹಳೆಯ ಹೆಸರನ್ನು ಕೆತ್ತಿಸಿದ್ದರು. ಹೊಸ ಹೆಸರು ಏನಾಗುವುದೆಂದು ತವರಿನವರಿಗೆ ಮೊದಲೇ ತಿಳಿಯುವಂತಿರಲಿಲ್ಲವಷ್ಟೆ. ಅತ್ತೆ ಆ ಕೊಡವನ್ನು ಕೊನೆಯವರೆಗೂ ತಾನೇ ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದಳು, ಸೊಸೆಯರ ಕೈಗೆ ಕೊಡಲಿಲ್ಲ. ನನ್ನ ತಂದೆ ಅವಳಿಗೆ ಬರೆಯುತ್ತಿದ್ದ ಅಂಚೆ ಕಾರ್ಡುಗಳಲ್ಲಿ ವಿಳಾಸದ ಬದಿಗೆ ಅತ್ತೆಯ ಮನೆಯ ಹೆಸರು, ಪತ್ರದ ಬದಿಗೆ ತವರಿನ ಹೆಸರು. 1983ರಲ್ಲಿ ತಂದೆ ತೀರಿಕೊಂಡಾಗ ಬಂದು ಕುಳಿತವಳು ಬಹಳ ಹೊತ್ತು ಅಳಲಿಲ್ಲ. ಆಮೇಲೆ ಹೇಳಿದ್ದು ಒಂದೇ ಮಾತು: "ಇನ್ನ ನನ್ನ ಹೆಸರ ಹಿಡದ ಕರಿಯಾವ್ರು ಯಾರೂ ಉಳೀಲಿಲ್ಲಲ್ಲೋ." ಅವಳ ಹೊಸ ಹೆಸರಿಗೆ ಆಗ ನಲವತ್ತು ವರ್ಷ ವಯಸ್ಸಾಗಿತ್ತು.

ಪಿತೃಕಾರ್ಯದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಹಿಡಿದು ತರ್ಪಣ ಬಿಡುತ್ತೇವೆ. ತಾಯಿಯ ತಾಯಿಗೂ ಬಿಡುತ್ತೇವೆ. ಅಲ್ಲೆಲ್ಲ ನಾವು ಹೇಳುವುದು ಅವರವರ ಗಂಡನ ಮನೆಯಲ್ಲಿ ಬಂದ ಹೆಸರನ್ನು. ಹುಟ್ಟುಹೆಸರನ್ನು ಉಚ್ಚರಿಸುವ ಸಂದರ್ಭ ಮಂತ್ರದಲ್ಲಿಯೂ ಇಲ್ಲ. ಇತ್ತ ಹೆಂಡತಿ ಗಂಡನ ಹೆಸರು ಹೇಳಬಾರದೆಂಬ ಕಟ್ಟಳೆ ಬೇರೆ. ಅದಕ್ಕೆಂದೇ ನಮ್ಮ ಕಡೆ ಒಡಪುಗಳು ಹುಟ್ಟಿದವು, ಮರಾಠಿಯಲ್ಲಿ ಉಖಾಣೆಗಳು. ಗಂಡನ ಹೆಸರನ್ನು ಪ್ರಾಸದಲ್ಲಿ ಮುಚ್ಚಿ ಹೇಳಲು ಒಂದು ಸಾಹಿತ್ಯಪ್ರಕಾರವೇ ಬೆಳೆದು ನಿಂತಿತು. ಹೆಣ್ಣಿನ ಕಳೆದ ಹೆಸರನ್ನು ಹೇಳಲು ಒಂದು ಸಾಲೂ ಹುಟ್ಟಲಿಲ್ಲ.

ಎಲ್ಲರೂ ದುಃಖಿಸಿದರೆಂದರೆ ಸುಳ್ಳಾದೀತು. ಹೆಣ್ಣುಮಕ್ಕಳೇ ಸಾಲಾಗಿ ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ಸಾಕವ್ವ ಎಂದು ಹೆಸರಿಡುವುದನ್ನು ನೀವೆಲ್ಲ ಬಲ್ಲಿರಿ. ಅಂಥ ಹೆಸರು ಹೊತ್ತವಳಿಗೆ ಅಕ್ಕಿಯ ತಟ್ಟೆ ಬಿಡುಗಡೆಯೇ ಆಗಿದ್ದೀತು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇಂಥ ಹುಡುಗಿಯರಿಗೆ ನಕುಶಾ ಎಂದು ಹೆಸರಿಡುತ್ತಿದ್ದರು, ಬೇಡವಾದವಳು ಎಂದರ್ಥ. 2011ರ ಅಕ್ಟೋಬರಿನಲ್ಲಿ ಅಲ್ಲಿ ಸಮಾರಂಭವೇರ್ಪಡಿಸಿ 280ಕ್ಕೂ ಹೆಚ್ಚು ನಕುಶಾಗಳಿಗೆ ಹೊಸ ಹೆಸರು ಕೊಟ್ಟರು. ಹಲವರು ತಮ್ಮ ಹೆಸರನ್ನು ತಾವೇ ಆರಿಸಿಕೊಂಡರು. ಆ ಸುದ್ದಿಯನ್ನು ಓದಿದ ದಿನ ನನ್ನ ಆ ಒಂಬತ್ತನೆಯ ತರಗತಿಯ ಹುಡುಗಿ ನೆನಪಾದಳು. ಅವಳು ಕೇಳಿದ್ದೂ ಇಷ್ಟವಿತ್ತೇ ಎಂದೇ ಅಲ್ಲವೇ?

ನಮ್ಮ ಕನ್ನಡದ ಲೇಖಕಿಯರ ವಿಷಯ ಇಲ್ಲಿ ಹೇಳದಿದ್ದರೆ ಕನ್ನಡ ಮಾಸ್ತರನಿಗೆ ಸಮಾಧಾನವಿರದು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಗೌರಮ್ಮ, ತಮ್ಮ ಕಥೆಗಳಿಗೆ ಹಾಕಿಕೊಂಡ ಹೆಸರು ಮಿಸೆಸ್ ಬಿ.ಟಿ.ಜಿ. ಕೃಷ್ಣ. ಅದರಲ್ಲಿ ಅವರದೆಂಬ ಅಕ್ಷರ ಒಂದೂ ಇಲ್ಲ. ಇಪ್ಪತ್ತೇಳರ ವಯಸ್ಸಿನಲ್ಲಿ, 1939ರಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡ ಮೇಲೆ ಓದುಗರು ಆ ಮಿಸೆಸ್ಸನ್ನು ಮರೆತು ಕೊಡಗಿನ ಗೌರಮ್ಮ ಎಂದೇ ಉಳಿಸಿಕೊಂಡರು. ಇನ್ನು ಅನಸೂಯಾ ಶಂಕರ್ ಅವರು ಕಾದಂಬರಿ ಬರೆಯಲು ಹೊರಟಾಗ ತಾವೇ ಆಯ್ದುಕೊಂಡ ಹೆಸರು ಯಾವುದು? ತ್ರಿವೇಣಿ. ನದಿಯ ಹೆಸರು ಬೇಡವೆಂದ ಸ್ಮೃತಿಕಾರನ ಎದುರು ಮೂರು ನದಿಗಳನ್ನು ಒಟ್ಟಿಗೆ ಹರಿಸಿದಂತೆ ನನಗೆ ತೋರುತ್ತದೆ. ಅವರ ಮನಸ್ಸಿನಲ್ಲಿ ಇದು ಇರಲಿಕ್ಕಿಲ್ಲ. ನಾನು ನನ್ನ ಸಂತೋಷಕ್ಕೆ ಹೇಳಿಕೊಂಡೆ.

ಈ ಪದ್ಧತಿ ಸಡಿಲವಾದದ್ದು ಭಾಷಣಗಳಿಂದಲ್ಲ, ಕಾಗದಪತ್ರಗಳಿಂದ ಎಂಬುದು ನನ್ನ ಅಭಿಪ್ರಾಯ. ಒಂಬತ್ತು ವರ್ಷದ ಮಗುವಿನ ಹೆಸರನ್ನು ಬದಲಿಸುವುದು ಸುಲಭ, ಅದು ಇನ್ನೂ ಎಲ್ಲಿಯೂ ಬರೆಯಲ್ಪಟ್ಟಿರುವುದಿಲ್ಲ. 1929ರಲ್ಲಿ ಅಂಗೀಕೃತವಾದ ಶಾರದಾ ಕಾಯಿದೆ ಹೆಣ್ಣಿನ ವಿವಾಹದ ವಯಸ್ಸನ್ನು ಹದಿನಾಲ್ಕಕ್ಕೆ ನಿಲ್ಲಿಸಿತು. 1978ರ ತಿದ್ದುಪಡಿ ಅದನ್ನು ಹದಿನೆಂಟಕ್ಕೆ ಏರಿಸಿತು. ಅಷ್ಟರಲ್ಲಿ ಹುಡುಗಿಯ ಹೆಸರು ಶಾಲೆಯ ಜನರಲ್ ರಜಿಸ್ಟರಿನಲ್ಲಿ, ಮುಲ್ಕಿಯ ಅಥವಾ ಎಸ್.ಎಸ್.ಎಲ್.ಸಿ.ಯ ಪ್ರಮಾಣಪತ್ರದಲ್ಲಿ ಮಸಿಯಿಂದ ಕೂತುಬಿಟ್ಟಿರುತ್ತದೆ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ವಧುವಿನ ಹೆಸರು ಬದಲಾಗಬೇಕೆಂಬ ಮಾತೇ ಇಲ್ಲ. ಬದಲಿಸಲೇಬೇಕೆಂದರೆ ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ರಾಜ್ಯಪತ್ರ ಎಂದು ಅಲೆಯಬೇಕು. ನೌಕರಿ, ಬ್ಯಾಂಕು, ಪಾಸ್‌ಪೋರ್ಟು ಬಂದ ಮೇಲೆ ಅತ್ತೆಮಾವಂದಿರೇ, "ಇದ್ದ ಹೆಸರೇ ಇರಲಿ ಬಿಡಿ" ಎನ್ನತೊಡಗಿದರು.

ಶಾಲೆಯಲ್ಲಿದ್ದಾಗ ಹತ್ತಾರು ಸಲ ಕಂಡದ್ದಿದೆ. ನಲವತ್ತೋ ಐವತ್ತೋ ದಾಟಿದ ಗೃಹಿಣಿ ದಾಖಲೆಯ ನಕಲು ಕೇಳಿಕೊಂಡು ಬರುತ್ತಾರೆ. ಗುಮಾಸ್ತರು ಹೆಸರು ಕೇಳಿದರೆ ಈಗಿನದನ್ನು ಹೇಳುತ್ತಾರೆ. ರಜಿಸ್ಟರಿನಲ್ಲಿ ಸಿಗುವುದಿಲ್ಲ. ಆಮೇಲೆ ಜೊತೆಗೆ ಬಂದ ಮಗನತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, ಇನ್ನೊಂದು ಹೆಸರು ಹೇಳುತ್ತಾರೆ. ಒಬ್ಬರಂತೂ ಪುಟ ಸಿಕ್ಕಿದ ಮೇಲೆ ನಕಲು ಸಿದ್ಧವಾಗುವವರೆಗೂ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದರು. ಮಗ ಕೇಳಿದ, "ಅಮ್ಮಾ, ಇದು ನಿನ್ನ ಹೆಸರಾ?"

ಈಚಿನ ಮದುವೆಗಳಲ್ಲಿ ಅಕ್ಕಿಯ ತಟ್ಟೆ ಇನ್ನೂ ಬರುತ್ತದೆ, ಛಾಯಾಚಿತ್ರದವರಿಗೂ ಅದು ಬೇಕು. ಹಲವು ಮನೆಗಳಲ್ಲಿ ವರನು ಅದರಲ್ಲಿ ವಧುವಿಗೆ ಇದ್ದ ಹೆಸರನ್ನೇ ಬರೆಯುತ್ತಾನೆ.

ಬಂಧುಗಳಲ್ಲಿ ಒಂದು ಕೋರಿಕೆ. ನಮ್ಮ ಮನೆತನದ ವಂಶವೃಕ್ಷವನ್ನು ಬರೆದು ಮುಗಿಸುತ್ತಿದ್ದೇನೆ. ಗಂಡಸರ ಹೆಸರುಗಳು ಏಳು ತಲೆಮಾರಿನವರೆಗೆ ಸಿಕ್ಕಿವೆ. ಹೆಂಗಸರದು ಸಿಕ್ಕಿದ್ದು ಅತ್ತೆಯ ಮನೆಯ ಹೆಸರು ಮಾತ್ರ. ನಿಮ್ಮ ಅಜ್ಜಿಗೆ, ಮುತ್ತಜ್ಜಿಗೆ ತವರಿನಲ್ಲಿ ಏನೆಂದು ಕರೆಯುತ್ತಿದ್ದರೆಂಬುದು ತಿಳಿದಿದ್ದರೆ ದಯವಿಟ್ಟು ಬರೆದು ಕಳಿಸಿ. ಅಟ್ಟದ ಮೇಲೆ ಹಳೆಯ ಪಾತ್ರೆಗಳಿದ್ದರೆ ಇಳಿಸಿ, ಕಂಠದ ಹತ್ತಿರ ಒಮ್ಮೆ ತಿಕ್ಕಿ ನೋಡಿ.