ಹದಿನೆಂಟು ಸಮಪಂದ್ಯಗಳ ಲೆಕ್ಕ

ಚರಿತ್ರೆಯೆಂದರೆ ರಾಜರ ಪಟ್ಟಾಭಿಷೇಕ, ದಂಡಯಾತ್ರೆ, ಸಂಧಿ, ವಿಗ್ರಹ ಇವಿಷ್ಟೇ ಎಂದು ಭಾವಿಸುವವರು ಈಗ ವಿರಳ. ಜನ ಏನನ್ನು ಉಂಡರು, ಏನನ್ನು ಹಾಡಿದರು, ಯಾವ ಆಟಕ್ಕೆ ಹಿಗ್ಗಿದರು, ಯಾವ ಸೋಲಿಗೆ ಅತ್ತರು ಎಂಬುದೂ ಚರಿತ್ರೆಯೇ. ಆಟದ ಅಂಕಪಟ್ಟಿಯೂ ಒಂದು ಶಾಸನವಿದ್ದಂತೆ. ಓದಬಲ್ಲವರಿಗೆ ಅದರ ಒಂದೊಂದು ಅಂಕಿಯೂ ಮಾತನಾಡುತ್ತದೆ. ಅಂಥದೊಂದು ಪಟ್ಟಿಯನ್ನು ನಿಮ್ಮ ಮುಂದೆ ಬಿಡಿಸಿಡಬೇಕೆಂದಿದ್ದೇನೆ. ಅದು ಜರ್ಮನಿಯ ಕೈಸರ್ಸ್‌ಲೌಟರ್ನ್ ಎಂಬ ಊರಿನ ಫುಟ್‌ಬಾಲ್ ಸಂಘವು 1995ರ ಆಗಸ್ಟಿನಿಂದ 1996ರ ಮೇ ತಿಂಗಳವರೆಗೆ ಆಡಿದ ಆಟದ ಪಟ್ಟಿ. ಆ ವರ್ಷ ಈ ಸಂಘವು ಲೀಗಿನಲ್ಲಿ ಮೇಲಿನ ದರ್ಜೆಯಿಂದ ಕೆಳಕ್ಕೆ ಬಿತ್ತು. ಬಿದ್ದ ಏಳನೆಯ ದಿನ ದೇಶದ ಕಪ್ಪನ್ನು ಗೆದ್ದಿತು. ಬಿದ್ದದ್ದೂ ಗೆದ್ದದ್ದೂ ಒಂದೇ ತಂಡ. ಇದು ಹೇಗಾಯಿತು?

ಮೊದಲು ಊರಿನ ಪರಿಚಯವಾಗಲಿ. ಕೈಸರ್ ಎಂದರೆ ಚಕ್ರವರ್ತಿ. ಲೌಟರ್ ಎಂಬುದು ಅಲ್ಲಿ ಹರಿಯುವ ತೊರೆಯ ಹೆಸರು. ಹನ್ನೆರಡನೆಯ ಶತಮಾನದಲ್ಲಿ ಫ್ರೆಡರಿಕ್ ಬಾರ್ಬರೊಸ ಚಕ್ರವರ್ತಿಯು ಅಲ್ಲಿ ಅರಮನೆ ಕಟ್ಟಿಸಿದ್ದರಿಂದ ಊರಿಗೆ ಈ ಹೆಸರು ನಿಂತಿತು. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಅಲ್ಲಿನ ಹೊಲಿಗೆ ಯಂತ್ರದ ಕಾರ್ಖಾನೆ ಹೆಸರುವಾಸಿಯಾಗಿತ್ತು. ಆದರೆ ಊರಿಗೆ ನಿಜವಾದ ಕೀರ್ತಿ ತಂದದ್ದು ಕಾಲ್ಚೆಂಡಿನಾಟ. 1900ರಲ್ಲಿ ಹುಟ್ಟಿದ ಸಂಘ. ಅದರ ಆಟದ ಬಯಲಿರುವುದು ಬೆಟ್ಸೆನ್‌ಬೆರ್ಗ್ ಎಂಬ ಗುಡ್ಡದ ಮೇಲೆ. ಹೆಸರಿನ ಮೊದಲಿಗೇ ನಮ್ಮ ‘ಬೆಟ್ಟ’ ಇಣುಕಿದಂತೆ ಕಾಣುವುದು ಕಾಕತಾಳೀಯವೇ ಹೊರತು ಭಾಷಾಶಾಸ್ತ್ರವಲ್ಲ! 1954ರಲ್ಲಿ ಜರ್ಮನಿಯು ಮೊದಲ ಬಾರಿಗೆ ವಿಶ್ವಕಪ್ ಗೆದ್ದಾಗ ಅಂತಿಮ ಪಂದ್ಯದಲ್ಲಿ ಆಡಿದ ಹನ್ನೊಂದು ಮಂದಿಯಲ್ಲಿ ಐವರು ಈ ಸಣ್ಣ ಊರಿನ ಸಂಘದವರು. ನಾಯಕ ಫ್ರಿಟ್ಸ್ ವಾಲ್ಟರ್ ಅವರ ಹೆಸರನ್ನೇ 1985ರಲ್ಲಿ ಗುಡ್ಡದ ಮೇಲಿನ ಕ್ರೀಡಾಂಗಣಕ್ಕೆ ಇಟ್ಟರು. 1963ರಲ್ಲಿ ‘ಬುಂದೆಸ್‌ಲೀಗಾ’ ಎಂಬ ರಾಷ್ಟ್ರೀಯ ಲೀಗ್ ಆರಂಭವಾದಾಗ ಸೇರಿದ ಸಂಘಗಳಲ್ಲಿ ಇದೂ ಒಂದು. ಅಂದಿನಿಂದ ಮೂವತ್ತೆರಡು ವರ್ಷ ಒಮ್ಮೆಯೂ ಅದು ಕೆಳಗಿಳಿದಿರಲಿಲ್ಲ. 1991ರಲ್ಲಿ ಚಾಂಪಿಯನ್ ಪದವಿ, 1994ರಲ್ಲಿ ಎರಡನೆಯ ಸ್ಥಾನ, 1995ರಲ್ಲಿ ನಾಲ್ಕನೆಯ ಸ್ಥಾನ. ಇಂಥ ತಂಡ ಬೀಳುವುದೆಂದರೆ ಊರಿನವರಿಗೆ ಗೋಪುರದ ಕಲಶವೇ ಕಳಚಿದಂತೆ.

ಇನ್ನು ಆಟದ ಕಟ್ಟಳೆ. ಲೀಗಿನಲ್ಲಿ ಹದಿನೆಂಟು ತಂಡಗಳು. ಪ್ರತಿಯೊಂದು ತಂಡವೂ ಉಳಿದ ಹದಿನೇಳರೊಡನೆ ತನ್ನ ಊರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡಬೇಕು. ಒಟ್ಟು 34 ಪಂದ್ಯ. ಆಗ ಕೊನೆಯ ಮೂರು ಸ್ಥಾನದವರು ಎರಡನೆಯ ದರ್ಜೆಗೆ ಇಳಿಯಬೇಕಾಗಿತ್ತು. ಅದುವರೆಗೆ ಗೆದ್ದರೆ ಎರಡು ಅಂಕ, ಪಂದ್ಯ ಸಮವಾದರೆ ಇಬ್ಬರಿಗೂ ಒಂದೊಂದು ಅಂಕ ಎಂಬ ಪದ್ಧತಿಯಿತ್ತು. ಸೋಲದಿದ್ದರೆ ಸಾಕೆಂದು ತಂಡಗಳು ರಕ್ಷಣೆಯಲ್ಲೇ ಕಾಲ ಕಳೆಯಬಾರದೆಂದು ಇಂಗ್ಲೆಂಡಿನಲ್ಲಿ 1981ರಲ್ಲೇ ಗೆಲುವಿಗೆ ಮೂರು ಅಂಕ ಕೊಡುವ ಪದ್ಧತಿ ಬಂದಿತ್ತು. 1994ರ ವಿಶ್ವಕಪ್‌ನಲ್ಲಿಯೂ ಅದನ್ನೇ ಅನುಸರಿಸಿದರು. ಜರ್ಮನಿಯ ಲೀಗಿನಲ್ಲಿ ಈ ಕಟ್ಟಳೆ ಜಾರಿಗೆ ಬಂದದ್ದು 1995ರಲ್ಲಿ. ಅಂದರೆ ನಮ್ಮ ಕಥೆಯ ವರ್ಷವೇ ಅದರ ಮೊದಲ ವರ್ಷ.

ಈಗ ಪಟ್ಟಿಯನ್ನು ನೋಡೋಣ. ಕೈಸರ್ಸ್‌ಲೌಟರ್ನ್ ತಂಡದ ಸಾಲಿನಲ್ಲಿ ಹೀಗಿದೆ: ಗೆಲುವು 6, ಸಮ 18, ಸೋಲು 10. ಹೊಡೆದ ಗೋಲು 31, ಬಿಟ್ಟುಕೊಟ್ಟ ಗೋಲು 37. ಒಟ್ಟು ಅಂಕ 36; ಸ್ಥಾನ ಹದಿನಾರನೆಯದು.

ಬಿಟ್ಟುಕೊಟ್ಟ ಗೋಲುಗಳನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಆ ವರ್ಷ ಚಾಂಪಿಯನ್ ಆದ ಡಾರ್ಟ್‌ಮುಂಡ್ ತಂಡ ಬಿಟ್ಟುಕೊಟ್ಟ ಗೋಲು 38. ಕೆಳಕ್ಕೆ ಬಿದ್ದ ಈ ತಂಡ ಕೊಟ್ಟದ್ದು ಅದಕ್ಕಿಂತ ಒಂದು ಕಡಿಮೆ! ಕೋಟೆ ಭದ್ರವಾಗಿಯೇ ಇತ್ತು. ಕೋಟೆಯಿಂದ ಹೊರಗೆ ಬಂದು ಹೊಡೆಯುವ ಕೈ ಮಾತ್ರ ಸೋತಿತ್ತು. ಹೊಡೆದ ಗೋಲುಗಳಲ್ಲಿ ಇದಕ್ಕಿಂತ ಹಿಂದೆ ಉಳಿದದ್ದು ಫ್ರೈಬುರ್ಗ್ ತಂಡ ಒಂದೇ. ಕಾರಣವೂ ಇಲ್ಲದಿಲ್ಲ. ತಂಡಕ್ಕೆ ಗೋಲು ತಂದುಕೊಡುತ್ತಿದ್ದ ಸ್ಟೆಫಾನ್ ಕುಂಟ್ಸ್ 1995ರಲ್ಲಿ ಟರ್ಕಿಯ ಸಂಘವೊಂದಕ್ಕೆ ಹೋದರು. ಆಟವನ್ನು ನಡುವಿನಿಂದ ನಡೆಸುತ್ತಿದ್ದ ಸಿರಿಯಾಕೊ ಸ್ಫೋರ್ಟ್ಸ ಮ್ಯೂನಿಕ್ಕಿನ ಬಾಯರ್ನ್ ಸಂಘವನ್ನು ಸೇರಿದರು. ಪಂದ್ಯದ ಮೇಲೆ ಪಂದ್ಯ ಸಮವಾಗುತ್ತ ಹೋಯಿತು. ಮಾರ್ಚ್ ತಿಂಗಳಲ್ಲಿ ತರಬೇತುದಾರ ಫ್ರೀಡೆಲ್ ರೌಶ್ ಅವರನ್ನು ಬಿಡಿಸಿ ಎಕ್‌ಹಾರ್ಡ್ ಕ್ರೌಟ್ಸುನ್ ಅವರನ್ನು ನೇಮಿಸಿದರು. ರೋಗ ಅಷ್ಟರಲ್ಲಿ ಬಲಿತಿತ್ತು.

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಮನೆಯ ಮಕ್ಕಳ ಕೈಯಲ್ಲಿಯೂ ಮಾಡಿಸಬಹುದು. ಹಳೆಯ ಪದ್ಧತಿಯಂತೆ ಗೆಲುವಿಗೆ ಎರಡೇ ಅಂಕವೆಂದು ಹಿಡಿದರೆ ಕೈಸರ್ಸ್‌ಲೌಟರ್ನ್‌ಗೆ ಆರೆರಡಲ ಹನ್ನೆರಡು, ಜೊತೆಗೆ ಹದಿನೆಂಟು, ಒಟ್ಟು ಮೂವತ್ತು. ಹದಿನೈದನೆಯ ಸ್ಥಾನದಲ್ಲಿ ಉಳಿದುಕೊಂಡ ಹ್ಯಾಂಬರ್ಗಿನ ಸೇಂಟ್ ಪೌಲಿ ತಂಡಕ್ಕೆ ಗೆಲುವು 9, ಸಮ 11. ಹಳೆಯ ಲೆಕ್ಕದಲ್ಲಿ ಅವರದು ಇಪ್ಪತ್ತೊಂಬತ್ತೇ. ಅಂದರೆ ಹಿಂದಿನ ವರ್ಷದ ಕಟ್ಟಳೆ ಇದ್ದಿದ್ದರೆ ಕೈಸರ್ಸ್‌ಲೌಟರ್ನ್ ಉಳಿಯುತ್ತಿತ್ತು, ಸೇಂಟ್ ಪೌಲಿ ಬೀಳುತ್ತಿತ್ತು. ಇದನ್ನು ಅನ್ಯಾಯವೆನ್ನೋಣವೇ? ಕೂಡದು. ಕಟ್ಟಳೆ ಎಲ್ಲರಿಗೂ ಒಂದೇ, ಆಟಕ್ಕೆ ಮೊದಲೇ ತಿಳಿದದ್ದು. ಸೇಂಟ್ ಪೌಲಿಯವರು ಹದಿನಾಲ್ಕು ಬಾರಿ ಸೋತರು. ಆದರೆ ಒಂಬತ್ತು ಬಾರಿ ಗೆಲ್ಲುವ ಧೈರ್ಯ ಮಾಡಿದರು. ಹೊಸ ಕಟ್ಟಳೆ ಆ ಧೈರ್ಯಕ್ಕೆ ಬೆಲೆ ಕಟ್ಟಿತು.

ಇಷ್ಟಾದರೂ 1996ರ ಮೇ 18ರಂದು, ಕೊನೆಯ ಪಂದ್ಯದ ದಿನ, ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಎದುರಾಳಿ ಲೆವರ್ಕೂಸೆನ್, ಅವರ ಊರಿನಲ್ಲೇ ಆಟ. ಅವರಿಗೆ 37 ಅಂಕ, ಇವರಿಗೆ 35. ಗೆದ್ದರೆ ಇವರು ಉಳಿದು ಅವರು ಬೀಳುವರು. ಸಮವಾದರೆ ಅವರು ಉಳಿದು ಇವರು ಬೀಳುವರು. ಉತ್ತರಾರ್ಧದಲ್ಲಿ ಝೆಕ್ ದೇಶದ ಪಾವೆಲ್ ಕೂಕ ಗೋಲು ಹೊಡೆದರು. ಬೆಟ್ಟದ ಮೇಲಿನ ತಂಡ ಉಳಿದಂತೆಯೇ ಕಂಡಿತು. ಆಟಕ್ಕೆ ಇನ್ನು ಎಂಟು ನಿಮಿಷವಿದೆ ಎನ್ನುವಾಗ ಲೆವರ್ಕೂಸೆನ್ನಿನ ಮಾರ್ಕುಸ್ ಮ್ಯೂನ್ಶ್ ಗೋಲು ಹೊಡೆದು ಸಮ ಮಾಡಿದರು. ವರ್ಷವೆಲ್ಲ ಕಾಡಿದ ಸಮವೇ ಕಡೆಗೆ ಕುತ್ತಿಗೆಗೆ ಬಂತು. ಅದು ಹದಿನೆಂಟನೆಯ ಸಮ.

ಕೈಸರ್ಸ್‌ಲೌಟರ್ನಿನ ಆಂಡ್ರಿಯಾಸ್ ಬ್ರೆಮೆ 1990ರ ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ಜರ್ಮನಿಗೆ ಗೆಲುವಿನ ಗೋಲು ತಂದವರು. ಎದುರು ತಂಡದಲ್ಲಿದ್ದ ರೂಡಿ ಫೋಲರ್ ಅಂದು ಅವರ ಒಡನಾಡಿ. ಈ ದಿನ ಫೋಲರ್ ಅವರ ಆಟದ ಜೀವನದ ಕೊನೆಯ ದಿನ. ಪಂದ್ಯ ಮುಗಿದ ಮೇಲೆ ದೂರದರ್ಶನದವರ ಮುಂದೆಯೇ ಬ್ರೆಮೆ ಗೆಳೆಯನ ಎದೆಗೊರಗಿ ಅತ್ತುಬಿಟ್ಟರು. ಉಳಿದುಕೊಂಡವರು ಬಿದ್ದವರನ್ನು ಅಪ್ಪಿ ಸಂತೈಸಿದ ಆ ನೋಟವನ್ನು ಜರ್ಮನರು ಇಂದಿಗೂ ನೆನೆಯುತ್ತಾರೆ.

ಏಳು ದಿನ ಕಳೆಯಿತು. ಮೇ 25ರಂದು ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಕಪ್‌ನ ಅಂತಿಮ ಪಂದ್ಯ. ಎದುರಾಳಿ ಕಾರ್ಲ್ಸ್‌ರೂಹೆ, ರೈನ್ ನದಿಯಾಚೆಯ ನೆರೆಯವರು, ಲೀಗಿನಲ್ಲಿ ಏಳನೆಯವರು. ಲೀಗ್ ಬೇರೆ, ಕಪ್ ಬೇರೆ ಎಂಬುದನ್ನು ಗಮನಿಸಬೇಕು. ಲೀಗೆಂದರೆ ಅಂಗಡಿಯ ಜಮಾಖರ್ಚಿನಂತೆ. ದಿನದಿನದ ಕಾಸನ್ನೂ ಕೂಡಿ ವರ್ಷದ ಕೊನೆಗೆ ಮೊತ್ತ ತೆಗೆಯುತ್ತಾರೆ. ಕಪ್ ಎಂದರೆ ಕುಸ್ತಿಯ ಕಣ. ಸೋತವನು ಅಂದೇ ಮನೆಗೆ. ಸಮವಾದರೆ ಆಟವನ್ನು ಬೆಳೆಸಿಯಾದರೂ, ಪೆನಾಲ್ಟಿ ಒದೆಸಿಯಾದರೂ ಒಬ್ಬನನ್ನು ಗೆಲ್ಲಿಸಿಯೇ ಬಿಡುತ್ತಾರೆ. ಸಮವೆಂಬ ಮಾತಿಗೇ ಅಲ್ಲಿ ಎಡೆಯಿಲ್ಲ. ಯಾವುದು ಈ ತಂಡದ ರೋಗವೋ ಅದಕ್ಕೆ ಆ ಅಂಗಳದಲ್ಲಿ ಪ್ರವೇಶವೇ ಇರಲಿಲ್ಲ. ಯಾವುದು ಅದರ ಬಲವೋ, ಆ ಭದ್ರವಾದ ಕೋಟೆ, ಅಲ್ಲಿ ಒಂದೇ ಗೋಲನ್ನು ಗೆಲುವಾಗಿ ಕಾಯಬಲ್ಲದಾಗಿತ್ತು.

ನಡೆದದ್ದೂ ಹಾಗೆಯೇ. ಪೂರ್ವಾರ್ಧದ 42ನೆಯ ನಿಮಿಷದಲ್ಲಿ ಮಾರ್ಟಿನ್ ವಾಗ್ನರ್ ಫ್ರೀ ಕಿಕ್‌ನಿಂದ ಗೋಲು ಹೊಡೆದರು. ಉತ್ತರಾರ್ಧದಲ್ಲಿ ಬ್ರೆಮೆಯವರನ್ನೇ ರೆಫರಿ ಹೊರಗೆ ಕಳಿಸಿದರು. ಉಳಿದ ಹತ್ತು ಮಂದಿ ಕೊನೆಯವರೆಗೂ ಗೋಲು ಬಿಡಲಿಲ್ಲ. 1–0. ಎರಡನೆಯ ದರ್ಜೆಗೆ ಇಳಿದ ಸಂಘದ ಕೈಗೆ ದೇಶದ ಕಪ್ ಬಂತು.

ಮುಂದೆ? ತಂಡ ಚದರಿಹೋಗಲಿಲ್ಲ. ಬ್ರೆಮೆ, ಕೂಕ, ವಾಗ್ನರ್ ಸಂಘವನ್ನು ಬಿಡಲಿಲ್ಲ. ಬಾಯರ್ನ್ ಸಂಘದಿಂದ ಅದೇ ವರ್ಷ ಹೊರಬಿದ್ದಿದ್ದ ಓಟೊ ರೇಹಾಗೆಲ್ ತರಬೇತುದಾರರಾಗಿ ಬಂದರು. 1997ರಲ್ಲಿ ಎರಡನೆಯ ದರ್ಜೆಯ ಅಗ್ರಸ್ಥಾನ. ಸ್ಫೋರ್ಟ್ಸ ಕೂಡ ಮರಳಿದರು. 1998ರಲ್ಲಿ ಬಾಯರ್ನ್ ತಂಡವನ್ನು ಎರಡು ಅಂಕದಿಂದ ಹಿಂದಿಕ್ಕಿ ಜರ್ಮನಿಯ ಚಾಂಪಿಯನ್ ಪದವಿ! ಕೆಳಗಿನಿಂದ ಮೇಲೆ ಬಂದ ವರ್ಷವೇ ಚಾಂಪಿಯನ್ ಆದ ತಂಡ ಬುಂದೆಸ್‌ಲೀಗಾದ ಚರಿತ್ರೆಯಲ್ಲಿ ಇದೊಂದೇ.

ಆ 1998ರ ಪಟ್ಟಿಯನ್ನೂ ತೆಗೆದು ಹಳೆಯದರ ಪಕ್ಕದಲ್ಲಿಡಿ. ಬಿಟ್ಟುಕೊಟ್ಟ ಗೋಲು 39. ಬಿದ್ದ ವರ್ಷಕ್ಕಿಂತ ಎರಡು ಹೆಚ್ಚು. ಹೊಡೆದ ಗೋಲು ಮಾತ್ರ 31ರಿಂದ 63ಕ್ಕೆ ಏರಿತ್ತು. ಸಮಗಳು 18ರಿಂದ 11ಕ್ಕೆ ಇಳಿದಿದ್ದವು. ಕೋಟೆಯನ್ನು ಇನ್ನಷ್ಟು ಎತ್ತರಿಸಿ ಅವರು ಗೆದ್ದದ್ದಲ್ಲ; ಅದರ ಬಾಗಿಲು ತೆರೆದು ಹೊರಗೆ ಬಂದು ಗೆದ್ದದ್ದು. ಇನ್ನು ಮುಂದೆ ಬಾನುಲಿಯಲ್ಲಿ ಆಟದ ಫಲಿತಾಂಶ ಬಂದಾಗ ಗೆಲುವು ಎಷ್ಟು, ಸೋಲು ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ನಡುವಿನ ಅಂಕಿಯ ಕಡೆಗೂ ಒಂದಿಷ್ಟು ಕಿವಿಗೊಡಿ.